2ರ 67ನೇ ಘಾತದಿಂದ 1 ಕಳೆದರೂ ಸಮಸಂಖ್ಯೆ ಬರುತ್ತಿದೆಯೇ?
2ರ 67ನೇ ಘಾತದಿಂದ 1 ಕಳೆದರೆ ಬರುವ 147573952589676412927 ಖಂಡಿತ ಬೆಸಸಂಖ್ಯೆ. ಅದನ್ನು 2ರಿಂದ ಭಾಗಿಸಿದಾಗ ನಿಮ್ಮ ಪ್ರೋಗ್ರಾಂ ಶೇಷ 0 ತೋರಿಸುತ್ತಿರುವುದಕ್ಕೆ ಕಾರಣ ಬಹುಶಃ ಫ್ಲೋಟ್ (ದಶಮಾಂಶ ಸಂಖ್ಯೆಗಳನ್ನು ಸೀಮಿತ ನಿಖರತೆಯಲ್ಲಿ ಇಡುವ ಬಗೆ) ಬಳಕೆ. ಸಾಮಾನ್ಯ 64 ಬಿಟ್ ಫ್ಲೋಟ್‌ಗೆ 53 ಬಿಟ್‌ಗಳಷ್ಟೇ ನಿಖರತೆ. ನೀವು ಕಳೆದ 1 ದುಂಡಾಗಿಸುವಾಗ ಮಾಯವಾಗಿ, 2ರ 67ನೇ ಘಾತವೇ ಉಳಿಯುತ್ತದೆ. ನೀವು ಕೋಡ್ ಹಾಕಿಲ್ಲವಾದ್ದರಿಂದ ಇದು ಊಹೆ ಮಾತ್ರ.

ಮೊದಲು ಪೈಥಾನ್‌ನಲ್ಲಿ ಎಲ್ಲವನ್ನೂ ಪೂರ್ಣಾಂಕವಾಗಿಯೇ ಇಡಿ, 2.0 ಎಂದು ಎಲ್ಲಿಯೂ ಬರೆಯಬೇಡಿ, ಒಂಟಿ ಓರೆಗೆರೆಯ (/) ಭಾಗಾಕಾರವೂ ಬೇಡ. ಆಮೇಲೆ ಈ ದೊಡ್ಡ ಸಂಖ್ಯೆಯ ಅಪವರ್ತನ ಹುಡುಕುವಾಗ 3, 5, 7 ಎಂದು ಸಾಲಾಗಿ ಹೋಗಿ ದಣಿಯಬೇಡಿ. 67 ಅವಿಭಾಜ್ಯವಾದ್ದರಿಂದ, ಈ ದೊಡ್ಡ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 134ರ (67ರ ಎರಡರಷ್ಟು) ಅಪವರ್ತ್ಯಕ್ಕೆ 1 ಕೂಡಿಸಿದ ರೂಪದಲ್ಲೇ ಇರುತ್ತದೆ. 135ರಿಂದ ಶುರುಮಾಡಿ 134ರ ಹೆಜ್ಜೆಯಲ್ಲಿ ಸಾಗಿದರೆ 14,45,580ನೇ ಪ್ರಯತ್ನಕ್ಕೆ 193707721 ಸಿಗಬೇಕು. (1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಇದನ್ನು ಕಂಪ್ಯೂಟರ್ ಇಲ್ಲದೆಯೇ ಕಂಡುಹಿಡಿದರು!) ದೊಡ್ಡ ಸಂಖ್ಯೆಯನ್ನು 193707721ರಿಂದ ಭಾಗಿಸಿದಾಗ 761838257287 ಬಂದರೆ ಕೋಡ್ ಸರಿಯಾಗಿದೆ.