ಚಿನ್ನದ ಗಣಿಗೆ ಪರಿಸರ ಪರವಾನಗಿ: ಷರತ್ತಿನಲ್ಲಿ ಅಳತೆ ಇದೆಯೇ?

ಪ್ರಶ್ನೆ: ನಮ್ಮ ಊರಿನ ಹತ್ತಿರ ಆರಂಭವಾಗಲಿರುವ ಚಿನ್ನದ ಗಣಿಯ ಕರಡು ಪರವಾನಗಿಯನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟಿದ್ದಾರೆ. ಅದರಲ್ಲಿ ‘ತ್ಯಾಜ್ಯವನ್ನು ವೈಜ್ಞಾನಿಕವಾಗಿ ವಿಲೇವಾರಿ ಮಾಡತಕ್ಕದ್ದು’, ‘ಅಂತರ್ಜಲ ಕಲುಷಿತವಾಗದಂತೆ ಅಗತ್ಯ ಕ್ರಮ ಕೈಗೊಳ್ಳತಕ್ಕದ್ದು’ ಎಂದಿದೆ. ಇಷ್ಟು ಸಾಕೇ? ಆಕ್ಷೇಪಣೆ ಸಲ್ಲಿಸುವುದಾದರೆ ಏನು ಕೇಳಬೇಕು?

ಉತ್ತರ: ಸಾಲದು. ಈ ಎರಡು ಷರತ್ತುಗಳನ್ನು ಯಾರೂ ಉಲ್ಲಂಘಿಸಲಾರರು, ಏಕೆಂದರೆ ಪಾಲಿಸಿದ್ದಾರೋ ಇಲ್ಲವೋ ಎಂದು ತಿಳಿಯುವ ದಾರಿಯೇ ಅವುಗಳಲ್ಲಿ ಇಲ್ಲ. ಯಾವುದನ್ನು, ಯಾವ ಜಾಗದಲ್ಲಿ, ಎಷ್ಟು ದಿನಕ್ಕೊಮ್ಮೆ ಅಳೆಯಬೇಕು, ಮಿತಿ ಎಷ್ಟು, ಮಿತಿ ಮೀರಿದ ದಿನ ಯಾವ ಕೆಲಸ ನಿಲ್ಲಬೇಕು ಎಂಬುದು ಬರೆದಿದ್ದರೆ ಮಾತ್ರ ಅದನ್ನು ಷರತ್ತು ಎನ್ನಬಹುದು, ಉಳಿದದ್ದು ಸದಾಶಯ.

ಚಿನ್ನದ ಗಣಿಯಲ್ಲಿ ಇದು ಏಕೆ ಇಷ್ಟು ಮುಖ್ಯವೆಂದರೆ, ಒಂದು ಟನ್ ಅದಿರಿನಿಂದ ಸಾಮಾನ್ಯವಾಗಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಮಿಕ್ಕ ಟನ್ ಪೂರ್ತಿ ಅಲ್ಲೇ ಉಳಿಯುತ್ತದೆ. ತೂಕದ ಲೆಕ್ಕದಲ್ಲಿ ನೋಡಿದರೆ ಗಣಿಯು ತಯಾರಿಸುವುದು ತ್ಯಾಜ್ಯವನ್ನೇ. ಅದರಲ್ಲಿ ಎರಡು ಬಗೆ. ಅದಿರನ್ನು ತಲುಪಲು ಒಡೆದು ಹೊರಗೆ ಸುರಿಯುವ ಬಂಡೆಯ ರಾಶಿ ಒಂದು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿಯುವ ಕೆಸರು, ಅಂದರೆ ಟೈಲಿಂಗ್ಸ್, ಇನ್ನೊಂದು. ಎರಡರ ಅಪಾಯವೂ ಬೇರೆ ಬೇರೆಯಾದ್ದರಿಂದ ಒಂದೇ ಸಾಲಿನ ಷರತ್ತು ಎರಡಕ್ಕೂ ಹೊಂದುವುದಿಲ್ಲ.

ಬಂಡೆಯ ರಾಶಿಯಲ್ಲಿ ಪೈರೈಟ್‌ನಂಥ ಗಂಧಕದ ಖನಿಜಗಳಿದ್ದರೆ, ಗಾಳಿ ಮತ್ತು ಮಳೆನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಬಂಡೆಯೊಳಗಿನ ತಾಮ್ರ, ಸತು ಮುಂತಾದ ಲೋಹಗಳನ್ನು ಕರಗಿಸಿಕೊಂಡು ಹರಿಯುತ್ತದೆ. ರಾಶಿಯ ಬುಡದಲ್ಲಿ ಒಸರುವ ನೀರಿನ ಹಾದಿಯಲ್ಲಿ ಕಲ್ಲುಗಳಿಗೆಲ್ಲ ತುಕ್ಕಿನ ಬಣ್ಣದ ಲೋಳೆ ಮೆತ್ತಿಕೊಂಡಿದ್ದರೆ ಈ ಕ್ರಿಯೆ ಆರಂಭವಾಗಿದೆ ಎಂದೇ ತಿಳಿಯಬೇಕು. ಆರಂಭವಾದದ್ದನ್ನು ನಿಲ್ಲಿಸುವುದು ಬಹಳ ಕಷ್ಟ. ಆದ್ದರಿಂದ ಪರೀಕ್ಷೆ ಮೊದಲೇ ಆಗಬೇಕು. ಬಂಡೆಯಲ್ಲಿ ಆಮ್ಲ ಹುಟ್ಟಿಸುವ ಶಕ್ತಿ ಎಷ್ಟು, ಅದನ್ನು ಶಮನಗೊಳಿಸುವ ಸುಣ್ಣದ ಅಂಶ ಎಷ್ಟು ಎಂದು ಕೆಲವೇ ದಿನಗಳಲ್ಲಿ ಲೆಕ್ಕ ಹಾಕುವ ಪರೀಕ್ಷೆಯೊಂದಿದೆ. ಪುಡಿಮಾಡಿದ ಬಂಡೆಗೆ ವಾರಕ್ಕೊಮ್ಮೆ ನೀರು ಹಾಯಿಸಿ, ಇಳಿದು ಬಂದ ನೀರನ್ನು ತಿಂಗಳುಗಟ್ಟಲೆ ಅಳೆಯುವ ಪರೀಕ್ಷೆ ಇನ್ನೊಂದು. ಮೊದಲನೆಯದನ್ನಷ್ಟೇ ಮಾಡಿ ಅನುಮತಿ ಕೇಳುವ ವರದಿಗಳು ಅಪರೂಪವಲ್ಲ. ಎರಡನೆಯದರ ಫಲಿತಾಂಶವನ್ನೂ ಕೇಳಿ. ಎಷ್ಟು ಮಾದರಿ, ಯಾವ ಯಾವ ಆಳದಿಂದ ತೆಗೆದದ್ದು ಎಂದೂ ಕೇಳಿ. ಹತ್ತು ಕಡೆಯ ಬಂಡೆಯನ್ನು ಬೆರೆಸಿ ಒಂದೇ ಮಾದರಿ ಮಾಡಿದರೆ ಕೆಟ್ಟ ಪದರವು ಸರಾಸರಿಯೊಳಗೆ ಮರೆಯಾಗಿಬಿಡುತ್ತದೆ.

ಇನ್ನು ಟೈಲಿಂಗ್ಸ್ ನಿಲ್ಲಿಸುವ ಕಟ್ಟೆ. ಕೆರೆಯ ಏರಿಯನ್ನು ಒಮ್ಮೆ ಕಟ್ಟಿದರೆ ಮುಗಿಯಿತು. ಈ ಕಟ್ಟೆಯಾದರೋ ಗಣಿ ನಡೆದಷ್ಟು ವರ್ಷವೂ ಮೇಲೇರುತ್ತಲೇ ಹೋಗುತ್ತದೆ. ಏರಿಸುವ ವಿಧಾನಗಳಲ್ಲಿ ಅತ್ಯಂತ ಅಗ್ಗದ್ದು, ಹಿಂದೆ ಸುರಿದ ಕೆಸರಿನ ಮೇಲೆಯೇ ಒಳಮುಖವಾಗಿ ಹೊಸ ಏರಿ ಕಟ್ಟುವುದು. ಕೆಸರಿನಲ್ಲಿ ನೀರು ಉಳಿದಿದ್ದರೆ ಅದು ಗಟ್ಟಿ ನೆಲದಂತೆ ಕಂಡರೂ ಒಂದು ಕ್ಷಣದಲ್ಲಿ ದ್ರವವಾಗಿ ಹರಿಯಬಲ್ಲದು. ಬ್ರೆಜಿಲ್‌ನ ಬ್ರುಮಾಡಿನೋದಲ್ಲಿ 2019ರ ಜನವರಿ 25ರಂದು ಒಡೆದು 270 ಜನರನ್ನು ಬಲಿ ತೆಗೆದುಕೊಂಡದ್ದು ಇಂಥ ಕಟ್ಟೆ. ಅದು ಕಬ್ಬಿಣದ ಗಣಿಯದಾದರೂ, ಕಟ್ಟೆಯ ಮಟ್ಟಿಗೆ ಪಾಠ ಒಂದೇ. ಆ ದುರಂತದ ನಂತರ, 2020ರ ಆಗಸ್ಟ್‌ನಲ್ಲಿ, ಟೈಲಿಂಗ್ಸ್ ನಿರ್ವಹಣೆಗೆ ಜಾಗತಿಕ ಮಾನದಂಡವೊಂದು ಪ್ರಕಟವಾಯಿತು. ಕಟ್ಟೆ ಒಡೆದರೆ ಕೆಳಗಿನ ಎಷ್ಟು ಜನ ಅಪಾಯಕ್ಕೆ ಒಳಗಾಗುತ್ತಾರೆ ಎಂಬುದರ ಮೇಲೆ ಅದರ ದರ್ಜೆಯನ್ನು ನಿರ್ಧರಿಸಬೇಕು, ಗಣಿಯವರಲ್ಲದ ತಜ್ಞರು ವಿನ್ಯಾಸವನ್ನು ಪರಿಶೀಲಿಸಬೇಕು, ಮಾಹಿತಿ ಜನರಿಗೆ ಸಿಗಬೇಕು ಎಂಬುದು ಅದರ ಮುಖ್ಯ ಅಂಶ. ನಿಮ್ಮ ಕರಡಿನಲ್ಲಿ ಕಟ್ಟೆ ಏರಿಸುವ ವಿಧಾನದ ಹೆಸರೇ ಇಲ್ಲದಿದ್ದರೆ, ಆಕ್ಷೇಪಣೆಯ ಮೊದಲ ಅಂಶ ಅದೇ ಆಗಲಿ. ನೀರು ಏರಿಗೆ ತಾಗದಂತೆ ಎಷ್ಟು ದೂರದಲ್ಲಿ ನಿಲ್ಲಬೇಕು, ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆಯನ್ನು ಲೆಕ್ಕಕ್ಕೆ ಹಿಡಿದು ಕಟ್ಟೆಯ ಅಂಚಿನಲ್ಲಿ ಎಷ್ಟು ಅಡಿ ಖಾಲಿ ಬಿಡಬೇಕು, ಕೋಡಿ ಎಲ್ಲಿದೆ ಎಂಬುದು ಎರಡನೆಯ ಅಂಶ.

ಅಳತೆ ಇದ್ದರಷ್ಟೇ ಸಾಲದು, ಅದನ್ನು ಓದುವವರೂ ಬೇಕು. ಹಿಂದೊಮ್ಮೆ ನಾನು ಕಂಡ ಕಟ್ಟೆಯೊಂದರಲ್ಲಿ, ಏರಿಯೊಳಗಿನ ನೀರಿನ ಮಟ್ಟ ತಿಳಿಯಲು ನೆಟ್ಟಿದ್ದ ಕೊಳವೆಗಳ ದಾಖಲೆಪುಸ್ತಕ ಬಹಳ ಅಚ್ಚುಕಟ್ಟಾಗಿತ್ತು. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಪ್ರತಿ ಕೊಳವೆಗೆ ಒಂದೇ ಅಂಕಿ, ಒಂದೇ ಕೈಬರಹ, ಒಂದೇ ಶಾಯಿ. ಹೊರಗೆ ಹೋಗಿ ನೋಡಿದರೆ ಒಂದು ಕೊಳವೆಯ ಮುಚ್ಚಳ ತುಕ್ಕು ಹಿಡಿದು ತೆರೆಯಲೇ ಬರಲಿಲ್ಲ. ಷರತ್ತಿನ ಪ್ರಕಾರ ತಿಂಗಳ ವರದಿ ತಪ್ಪದೆ ಹೋಗುತ್ತಿತ್ತು, ಅದನ್ನು ಪಡೆದವರೂ ತಪ್ಪದೆ ಕಡತಕ್ಕೆ ಸೇರಿಸುತ್ತಿದ್ದರು.

ಪ್ರಶ್ನೆ: ಸೈನೈಡ್ ಬಿಸಿಲಿಗೆ ತಾನಾಗಿಯೇ ನಾಶವಾಗುತ್ತದೆ, ಮೇಲಾಗಿ ನಮ್ಮದು ಹನಿ ನೀರನ್ನೂ ಹೊರಗೆ ಬಿಡದ ಗಣಿ ಎಂದು ಕಂಪನಿಯವರು ಹೇಳುತ್ತಿದ್ದಾರೆ. ನಂಬಬಹುದೇ?

ಉತ್ತರ: ಮೊದಲ ಮಾತು ಅರ್ಧ ನಿಜ. ಕಾರ್ಖಾನೆಯಲ್ಲಿ ಸುಣ್ಣ ಹಾಕಿ ದ್ರಾವಣದ ಪಿಎಚ್ (ಆಮ್ಲ-ಕ್ಷಾರದ ಅಳತೆ, ಅಂಕಿ ಏರಿದಷ್ಟೂ ಕ್ಷಾರ ಹೆಚ್ಚು) ಅನ್ನು 10ಕ್ಕಿಂತ ಮೇಲೆ ಇಟ್ಟಿರುತ್ತಾರೆ. ಹೊರಗಿನ ಕೊಳದಲ್ಲಿ ಪಿಎಚ್ ಇಳಿದಂತೆ ಸೈನೈಡ್ ಅನಿಲವಾಗಿ ಹಾರಿಹೋಗುತ್ತದೆ, ಬಿಸಿಲೂ ನೆರವಾಗುತ್ತದೆ. ಆದರೆ ಚಳಿಯಲ್ಲಿ, ಮೋಡದ ದಿನಗಳಲ್ಲಿ, ಕೆಸರಿನ ಆಳದಲ್ಲಿ ಹೀಗಾಗುವುದು ಬಹಳ ನಿಧಾನ. ತಾಮ್ರದೊಂದಿಗೆ ಕೂಡಿಕೊಂಡ ಸೈನೈಡ್ ಅಷ್ಟು ಸುಲಭವಾಗಿ ಹಾರುವುದಿಲ್ಲ; ಕಬ್ಬಿಣದೊಂದಿಗೆ ಗಟ್ಟಿಯಾಗಿ ಕೂಡಿಕೊಂಡದ್ದನ್ನು ಬಿಸಿಲೇ ಬಿಡಿಸಿ, ವಿಷವನ್ನು ಮತ್ತೆ ನೀರಿಗೆ ಬಿಡುವುದೂ ಉಂಟು.

ಎರಡನೆಯ ಮಾತಿಗೆ ರೊಮೇನಿಯಾದ ಬಯಾ ಮಾರೆಯೇ ಉತ್ತರ. ಅಲ್ಲಿನ ಹಳೆಯ ಟೈಲಿಂಗ್ಸ್‌ನಿಂದ ಚಿನ್ನ ತೆಗೆಯುತ್ತಿದ್ದ ಘಟಕವನ್ನು ಸಹ ನೀರು ಹೊರಗೆ ಬಿಡದ ಮುಚ್ಚಿದ ಸುತ್ತಿನ ವ್ಯವಸ್ಥೆಯೆಂದೇ ರೂಪಿಸಿದ್ದರು. ಆದ್ದರಿಂದಲೇ ಹೆಚ್ಚಾದ ನೀರನ್ನು ಎಲ್ಲಿ ಹಿಡಿದಿಡಬೇಕೆಂಬ ಏರ್ಪಾಟೂ ಇರಲಿಲ್ಲ. 2000ದ ಜನವರಿ 30ರ ರಾತ್ರಿ, ಮಳೆ ಮತ್ತು ಕರಗಿದ ಹಿಮ ಸೇರಿ ಕಟ್ಟೆ ಒಡೆದು, ಸುಮಾರು 1 ಲಕ್ಷ ಘನ ಮೀಟರ್ ಸೈನೈಡ್ ನೀರು ಹೊಳೆ ಸೇರಿತು. ಹಂಗೆರಿಯ ಟಿಸಾ ನದಿಯಲ್ಲಿ ಮೀನುಗಳ ಮಾರಣಹೋಮವಾಗಿ, ವಿಷ ಡ್ಯಾನ್ಯೂಬ್‌ವರೆಗೂ ಹೋಯಿತು. ಹನಿಯೂ ಹೊರಬಾರದು ಎಂಬ ಷರತ್ತಿನ ಜೊತೆಗೆ, ಬಂದೇಬಿಟ್ಟರೆ ಏನು ಎಂಬ ಷರತ್ತೂ ಇರಲೇಬೇಕು.

ಮಿತಿಯ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. ಅಂತರರಾಷ್ಟ್ರೀಯ ಸೈನೈಡ್ ನಿರ್ವಹಣಾ ಸಂಹಿತೆಯು ಹಕ್ಕಿಗಳಿಗೆ ಕುತ್ತಾಗದಂತೆ ತೆರೆದ ಕೊಳಕ್ಕೆ ಲೀಟರಿಗೆ 50 ಮಿಲಿಗ್ರಾಂ ಮಿತಿ ಇಟ್ಟಿದೆ. ಐರೋಪ್ಯ ಒಕ್ಕೂಟವಾದರೋ ಕಾರ್ಖಾನೆಯಿಂದ ಕೊಳಕ್ಕೆ ಬೀಳುವ ಜಾಗದಲ್ಲಿಯೇ ಅಳೆದು, ಹಂತಹಂತವಾಗಿ ಇಳಿಸಿ, 2018ರಿಂದ 10ಕ್ಕೆ ತಂದಿದೆ. ಎರಡೂ ಅಂಕಿಗಳು ದುರ್ಬಲ ಆಮ್ಲದಲ್ಲಿ ಬಿಡುಗಡೆಯಾಗುವ ಸೈನೈಡ್‌ಗೆ ಸಂಬಂಧಿಸಿದವು. ಬರೀ ‘ಸೈನೈಡ್’ ಎಂದು ಬರೆದಿದ್ದರೆ ಯಾವ ಬಗೆಯದು, ಯಾವ ಜಾಗದ್ದು ಎಂದು ಕೇಳಬೇಕು. ಕೊಳಕ್ಕೆ ಬಿದ್ದು ಮಳೆನೀರಿನೊಂದಿಗೆ ತೆಳುವಾದ ಮೇಲೆ ಅಳೆದರೆ ಎಂಥ ಮಿತಿಯನ್ನೂ ಪಾಲಿಸಬಹುದು. ಮಾದರಿ ಹಿಡಿಯುವ ಕ್ರಮವೂ ಷರತ್ತಿನಲ್ಲಿ ಇರಲಿ: ಸೀಸೆಗೆ ತಕ್ಷಣವೇ ಕ್ಷಾರ ಬೆರೆಸಿ ಪಿಎಚ್ 12 ದಾಟಿಸಿ, ಬೆಳಕು ತಾಗದಂತೆ, ತಣ್ಣಗೆ ಪ್ರಯೋಗಾಲಯಕ್ಕೆ ಒಯ್ಯಬೇಕು. ಬಿಸಿಲಿನಲ್ಲಿ ಜೀಪಿನ ಹಿಂಬದಿಯಲ್ಲಿ ಕುಲುಕುತ್ತಾ ಹೋದ ಮಾಮೂಲಿ ಬಾಟಲಿಯ ವರದಿಯಲ್ಲಿ ಸೈನೈಡ್ ಕಡಿಮೆಯೇ ಕಂಡೀತು.

ಪ್ರಶ್ನೆ: ಗಣಿ ಮುಚ್ಚಿದ ಮೇಲೆ ಈ ದಿಬ್ಬಗಳು ಯಾರ ಪಾಲಿಗೆ?

ಉತ್ತರ: ಮುಚ್ಚುವ ಖರ್ಚಿಗೆಂದು ಕಂಪನಿಯಿಂದ ಮೊದಲೇ ಪಡೆದ ಠೇವಣಿ ಇಲ್ಲದಿದ್ದರೆ ಸರ್ಕಾರದ ಪಾಲಿಗೆ, ಅಂದರೆ ತೆರಿಗೆ ಕಟ್ಟುವವರ ಪಾಲಿಗೆ. ಅಮೆರಿಕದ ಕೊಲೊರಾಡೊದಲ್ಲಿ ಸಮಿಟ್‌ವಿಲ್ ಚಿನ್ನದ ಗಣಿಯ ಕಂಪನಿ 1992ರಲ್ಲಿ ದಿವಾಳಿಯೆಂದು ಹೊರಟುಹೋದಾಗ ಸೈನೈಡ್ ಮತ್ತು ಆಮ್ಲದ ನೀರನ್ನು ಸರ್ಕಾರವೇ ನೋಡಿಕೊಳ್ಳಬೇಕಾಗಿ ಬಂದು, ಶುದ್ಧೀಕರಣದ ವೆಚ್ಚ 15 ಕೋಟಿ ಡಾಲರ್ ದಾಟಿತು. ಕೆನಡಾದ ಯೆಲ್ಲೋನೈಫ್‌ನಲ್ಲಿ ಮುಚ್ಚಿಹೋದ ಜೈಂಟ್ ಗಣಿಯ ನೆಲದಡಿಯಲ್ಲಿ 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಪುಡಿ ಕುಳಿತಿದೆ. ಅದು ಕರಗಿ ಹೊರಬರದಂತೆ ಸುತ್ತಲಿನ ಬಂಡೆಯನ್ನು ಹೆಪ್ಪುಗಟ್ಟಿಸಿಡುವುದು ಅಲ್ಲಿ ಆಯ್ದುಕೊಂಡ ಉಪಾಯ, ಅದಕ್ಕೆ ಕೊನೆಯ ದಿನಾಂಕವಿಲ್ಲ. ಮುಚ್ಚುವ ಖರ್ಚನ್ನು ಹೊರಗಿನ ಗುತ್ತಿಗೆದಾರರ ದರದಲ್ಲಿ ಲೆಕ್ಕ ಹಾಕಿ, ಆ ಮೊತ್ತದ ಬ್ಯಾಂಕ್ ಖಾತರಿಯನ್ನು ಅದಿರು ತೆಗೆಯುವ ಮುನ್ನವೇ ಪಡೆಯಬೇಕು. ದಿಬ್ಬ ಬೆಳೆದಂತೆ ಖಾತರಿಯೂ ಬೆಳೆಯಬೇಕು.

ಪ್ರಶ್ನೆ: ಗಣಿಯ ಕೆಲಸ ಇನ್ನೂ ಶುರುವಾಗಿಲ್ಲ. ಈಗ ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಇದೆ, ಅದು ಈಗ ಮಾತ್ರ ಸಾಧ್ಯ. ಚಿನ್ನವಿರುವ ನೆಲದಲ್ಲಿ ಆರ್ಸೆನಿಕ್ ಸಹಜವಾಗಿಯೇ ಇರುವುದುಂಟು. ಮುಂದೆ ಬಾವಿಯ ನೀರಿನಲ್ಲಿ ಅದು ಕಂಡಾಗ ‘ಮೊದಲಿನಿಂದಲೂ ಇತ್ತು’ ಎಂಬ ಉತ್ತರ ಬಂದೇ ಬರುತ್ತದೆ. ಇತ್ತೋ ಇಲ್ಲವೋ ಎಂದು ಆಗ ಯಾರೂ ತೋರಿಸಲಾರರು. ಆದ್ದರಿಂದ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ, ಗಣಿಯ ಮೇಲ್ಭಾಗದ ಮತ್ತು ಕೆಳಭಾಗದ ಬಾವಿ, ಕೊಳವೆಬಾವಿ, ಹಳ್ಳಗಳ ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಮಾದರಿ ಹಿಡಿಯುವಾಗ ಊರಿನವರೂ ಕಂಪನಿಯವರೂ ಜೊತೆಗಿದ್ದು ಇಬ್ಬರೂ ಸಹಿ ಹಾಕಲಿ, ಪ್ರತಿ ಮಾದರಿಯ ಇನ್ನೊಂದು ಸೀಸೆ ಬೇರೆ ಪ್ರಯೋಗಾಲಯಕ್ಕೆ ಹೋಗಲಿ. ಆ ವರದಿಯನ್ನು ಆಕ್ಷೇಪಣೆಗೆ ಲಗತ್ತಿಸಿ, ಪರವಾನಗಿಯ ಅನುಬಂಧವಾಗಿ ಸೇರಿಸಬೇಕೆಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ.