ಚೀನೀಯರಿಗೆ ಸ್ವಾತಂತ್ರ್ಯ ಬೇಡವೇ? ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಆತ್ಮೀಯರೇ, ನಮಸ್ಕಾರ.

ನಿಮ್ಮ ಪತ್ರ ಉದ್ದವಾಗಿದೆ. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಉಳಿದ ಓದುಗರಿಗಾಗಿ ಅದರ ತಿರುಳನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮಗಳು ಚೀನಾದಲ್ಲಿ ಎಂಬಿಬಿಎಸ್ ಓದಿ ಬಂದವರು. ಅಲ್ಲಿದ್ದಷ್ಟು ಕಾಲ ಒಬ್ಬ ಚೀನೀ ಸಹಪಾಠಿಯ ಬಾಯಲ್ಲೂ ಸರ್ಕಾರದ ವಿರುದ್ಧ ಮಾತು ಕೇಳಲಿಲ್ಲವಂತೆ. ಎಲ್ಲರಿಗೂ ದೇಶದ ಬಗ್ಗೆ ತುಂಬು ಹೆಮ್ಮೆ. ಹಾಗಾಗಿ ಚೀನೀಯರಿಗೆ ರಾಜಕೀಯ ಸ್ವಾತಂತ್ರ್ಯ ಬೇಕಾಗಿಯೇ ಇಲ್ಲ, ಹೊಟ್ಟೆ ತುಂಬಿ ದೇಶ ದೊಡ್ಡದಾದರೆ ಅವರಿಗೆ ಸಾಕು ಎಂದಿದ್ದೀರಿ. ನಮ್ಮಲ್ಲೂ ಹತ್ತು ವರ್ಷ ಅಂಥ ಬಿಗಿ ಆಡಳಿತ ಇದ್ದಿದ್ದರೆ ನಾವೂ ಅವರಷ್ಟೇ ಮುಂದೆ ಹೋಗುತ್ತಿದ್ದೆವು ಎಂದೂ ಬರೆದಿದ್ದೀರಿ. ಕೊನೆಗೊಂದು ಸಲಹೆ: ಮಗಳ ಚೀನೀ ಗೆಳತಿಗೆ ನಾಲ್ಕು ಪ್ರಶ್ನೆ ಕಳಿಸಿ, ಅವಳ ಉತ್ತರವನ್ನೇ ಪತ್ರಿಕೆಯಲ್ಲಿ ಹಾಕಿ ಎಂದು.

ನಿಮ್ಮ ಮಗಳು ಕಂಡದ್ದು ನಿಜ. ಆ ಹೆಮ್ಮೆ ನಾಟಕ ಅಲ್ಲ. ಇವತ್ತು ಎಪ್ಪತ್ತು ದಾಟಿದ ಚೀನೀ ಅಜ್ಜಿಯೊಬ್ಬರು ಒಂದೇ ಜನ್ಮದಲ್ಲಿ ಎಷ್ಟೆಲ್ಲ ನೋಡಿದ್ದಾರೆ, ಯೋಚಿಸಿ. ಚಿಕ್ಕವರಿದ್ದಾಗ ಭೀಕರ ಬರಗಾಲ. ಹರೆಯದಲ್ಲಿ ಮಾವೋ ಹೂಡಿದ ಸಾಂಸ್ಕೃತಿಕ ಕ್ರಾಂತಿಯ ಹತ್ತು ವರ್ಷ, 1966ರಿಂದ 76ರವರೆಗೆ. ಮಕ್ಕಳೇ ಮೇಷ್ಟ್ರನ್ನು ಹೊಡೆದ ಕಾಲ ಅದು. ಆಮೇಲೆ ಮನೆಗೆ ಫ್ರಿಜ್ ಬಂತು, ಮೊಮ್ಮಗಳು ಕಾಲೇಜಿಗೆ ಹೋದಳು, ಊರಿಗೆ ಬುಲೆಟ್ ರೈಲು ಬಂತು. ವಿಶ್ವಬ್ಯಾಂಕಿನ ಲೆಕ್ಕದಲ್ಲಿ ನಲವತ್ತು ವರ್ಷಗಳಲ್ಲಿ ಸುಮಾರು 80 ಕೋಟಿ ಚೀನೀಯರು ಕಡುಬಡತನದಿಂದ ಮೇಲೆದ್ದಿದ್ದಾರೆ. ಅಂಥ ಅಜ್ಜಿಗೆ ಗಲಭೆ ಎಂದರೆ ಭಯ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ರಷ್ಯಾದ ಜನ ಪಟ್ಟ ಪಾಡನ್ನೂ ಅವರು ಟೀವಿಯಲ್ಲಿ ನೋಡಿದ್ದಾರೆ. ಈಗಿನ ಸರ್ಕಾರ ಇದ್ದರೇ ಚೆನ್ನ ಎಂದು ಅವರು ಹೇಳಿದರೆ ಅದನ್ನು ಮೂಢತನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಇನ್ನು ಶಾಲೆಯ ಪಾಠ. ಚೀನಾದ ಮಕ್ಕಳು 1839ರ ಅಫೀಮು ಯುದ್ಧದಿಂದ ಶುರುವಾಗುವ ನೂರು ವರ್ಷದ ಅವಮಾನದ ಕಥೆ ಓದುತ್ತಾ ಬೆಳೆಯುತ್ತಾರೆ. ಆ ಕಥೆ ಸುಳ್ಳಲ್ಲ. ಅದರಲ್ಲಿ ನಮ್ಮ ನೆಲದ ಪಾಲೂ ಇದೆ. ಬ್ರಿಟಿಷರು ಚೀನಾಕ್ಕೆ ಸುರಿದ ಅಫೀಮು ಬಿಹಾರ ಮತ್ತು ಮಾಳವದ ಹೊಲಗಳಲ್ಲಿ ಬೆಳೆದದ್ದು, ಕಲ್ಕತ್ತಾ ಮತ್ತು ಬೊಂಬಾಯಿ ಬಂದರಿನಿಂದ ಹಡಗು ಹತ್ತಿದ್ದು. ಆ ಯುದ್ಧದಲ್ಲಿ ಚೀನೀಯರ ಮೇಲೆ ಗುಂಡು ಹಾರಿಸಿದವರಲ್ಲಿ ಮದ್ರಾಸಿನ ಸಿಪಾಯಿಗಳೂ ಇದ್ದರು. ಮುಂದೆ 1937ರಲ್ಲಿ ಜಪಾನೀ ಸೇನೆ ನಾನ್‌ಜಿಂಗ್‌ನಲ್ಲಿ ನಡೆಸಿದ ಕಗ್ಗೊಲೆ. ಇಂಥ ನೆನಪಿರುವ ಜನಕ್ಕೆ ದೇಶ ಗಟ್ಟಿಯಾಗಿರಬೇಕು ಅನ್ನಿಸುವುದು ಸಹಜ ಅಲ್ವಾ?

ಆದರೆ ಪಾಠ ಅಲ್ಲಿಗೇ ನಿಲ್ಲುವುದಿಲ್ಲ. 1989ರ ವಿದ್ಯಾರ್ಥಿ ಚಳವಳಿಯ ನಂತರ, ಅದರಲ್ಲೂ 1994ರಲ್ಲಿ ಶುರುವಾದ ದೇಶಪ್ರೇಮ ಶಿಕ್ಷಣದ ಯೋಜನೆಯಿಂದ ಈಚೆಗೆ, ಇನ್ನೊಂದು ಸಾಲು ಗಟ್ಟಿಯಾಗಿ ಸೇರಿಕೊಂಡಿತು: ಆ ಅವಮಾನ ಕೊನೆಗಾಣಿಸಿದ್ದು ಆಳುವ ಕಮ್ಯುನಿಸ್ಟ್ ಪಕ್ಷ ಮಾತ್ರ, ಹಾಗಾಗಿ ದೇಶವನ್ನು ಪ್ರೀತಿಸುವವನು ಪಕ್ಷವನ್ನೂ ಪ್ರೀತಿಸಬೇಕು. 2024ರ ಜನವರಿ 1ರಿಂದ ದೇಶಪ್ರೇಮ ಶಿಕ್ಷಣಕ್ಕೆ ಪ್ರತ್ಯೇಕ ಕಾನೂನೇ ಬಂದಿದೆ. ದೇಶ ಮತ್ತು ಪಕ್ಷ ಎರಡನ್ನೂ ಸೇರಿಸಿ ಹಾಕಿದ ಈ ಗಂಟನ್ನು ನೋಡದೆ ಚೀನೀಯರ ದೇಶಪ್ರೇಮದ ಬಗ್ಗೆ ತೀರ್ಪು ಕೊಟ್ಟರೆ ಅದು ಅವರಿಗೇ ಮಾಡುವ ಅನ್ಯಾಯ. ಏಕೆಂದರೆ ಆ ಗಂಟನ್ನು ಬಿಚ್ಚಲು ನೋಡಿದವರೂ ಚೀನೀಯರೇ. ಅವರೂ ದೇಶಪ್ರೇಮಿಗಳೇ.

1919ರ ಮೇ 4ನ್ನು ತೆಗೆದುಕೊಳ್ಳಿ. ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಸಂಧಾನದಲ್ಲಿ ಶಾನ್‌ಡಾಂಗ್ ಪ್ರಾಂತ್ಯದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಜಪಾನಿಗೆ ಕೊಟ್ಟರು ಎಂದು ವಿದ್ಯಾರ್ಥಿಗಳು ಬೀಜಿಂಗ್‌ನ ತಿಯನಾನ್ಮೆನ್ ಮಹಾದ್ವಾರದ ಎದುರು ಸೇರಿದರು. ಆ ಕಾಲದ ಯುವಕರ ಬಾಯಲ್ಲಿ ದೇಶದ ಜೊತೆ ಇನ್ನೆರಡು ಹೆಸರಿದ್ದವು: ವಿಜ್ಞಾನ ಮತ್ತು ಪ್ರಜಾಪ್ರಭುತ್ವ. ದೇಶ ಉಳಿಯಬೇಕಾದರೆ ಎರಡೂ ಬೇಕು ಎಂದು ಅವರು ನಂಬಿದ್ದರು. ಪಕ್ಷ ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ.

ಎಪ್ಪತ್ತು ವರ್ಷದ ನಂತರ ಅದೇ ಜಾಗ. 1989ರ ಏಪ್ರಿಲ್ 22. ಸುಧಾರಣೆಯ ಪರವಾಗಿದ್ದ ನಾಯಕ ಹು ಯಾವೋಬಾಂಗ್ ಅವರ ಅಂತಿಮ ಸಂಸ್ಕಾರದ ದಿನ. ಮಹಾಸಭಾಭವನದ ಮೆಟ್ಟಿಲ ಮೇಲೆ ಮೂವರು ವಿದ್ಯಾರ್ಥಿಗಳು ಮನವಿಪತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದು ಮಂಡಿಯೂರಿದರು. ಹಿಂದೆ ಚಕ್ರವರ್ತಿಯ ಮುಂದೆ ಪ್ರಜೆಗಳು ಅಹವಾಲು ಹಿಡಿದು ಕೂರುತ್ತಿದ್ದ ಹಾಗೇ. ಪ್ರಧಾನಿ ಲಿ ಪೆಂಗ್ ಹೊರಗೆ ಬರಲಿಲ್ಲ. ಕೆಳಗೆ ಚೌಕದಲ್ಲಿ ನಿಂತ ಸಾವಿರಾರು ಹುಡುಗರು ಅದನ್ನು ನೋಡುತ್ತಾ ಅತ್ತರು. ನಾಲ್ಕೇ ದಿನಕ್ಕೆ ಪಕ್ಷದ ಪತ್ರಿಕೆ ಪೀಪಲ್ಸ್ ಡೈಲಿ ತನ್ನ ಸಂಪಾದಕೀಯದಲ್ಲಿ ಇವರನ್ನು ಗಲಭೆಕೋರರು ಎಂದಿತು. ಅದು ಅವರಿಗೆ ತುಂಬಾ ಚುಚ್ಚಿತು. ಆ ಸಂಪಾದಕೀಯ ವಾಪಸ್ ಪಡೆಯಿರಿ, ನಮ್ಮದು ದೇಶಪ್ರೇಮದ ಚಳವಳಿ ಎಂದು ಒಪ್ಪಿಕೊಳ್ಳಿ ಎನ್ನುವುದು ಅವರ ದೊಡ್ಡ ಬೇಡಿಕೆಗಳಲ್ಲೊಂದಾಯಿತು. ಮೇ 13ರಂದು ಉಪವಾಸ ಕೂತಾಗ ಹೊರಡಿಸಿದ ಘೋಷಣೆಯಲ್ಲೂ ಅದೇ ಮಾತು: ದೇಶ ನಮ್ಮದು, ಜನ ನಮ್ಮವರು, ಸರ್ಕಾರ ನಮ್ಮದು, ನಾವು ಕೂಗದಿದ್ದರೆ ಇನ್ಯಾರು ಕೂಗುತ್ತಾರೆ? ಜೂನ್ 3ರ ರಾತ್ರಿ ಟ್ಯಾಂಕುಗಳು ಬಂದವು. ಸತ್ತವರ ಪಟ್ಟಿಯನ್ನು ಸರ್ಕಾರ ಇವತ್ತಿಗೂ ಕೊಟ್ಟಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಮನೆಮನೆ ಹುಡುಕಿ ಇನ್ನೂರಕ್ಕೂ ಹೆಚ್ಚು ಹೆಸರುಗಳನ್ನು ಕೂಡಿಸಿದ್ದಾರೆ. ಆ ತಾಯಂದಿರ ಮನೆಗಳ ಮುಂದೆ ಜೂನ್ ಬಂತೆಂದರೆ ಪೊಲೀಸರು ನಿಲ್ಲುತ್ತಾರೆ.

ಚೀನಾದ ರಾಷ್ಟ್ರಗೀತೆಯ ಮೊದಲ ಸಾಲು ಗೊತ್ತೇ? 'ಗುಲಾಮರಾಗಲು ಒಪ್ಪದವರೇ, ಎದ್ದೇಳಿ.' ಅದನ್ನು ಬರೆದ ತಿಯನ್ ಹಾನ್ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, 1968ರಲ್ಲಿ, ಬಂಧನದಲ್ಲೇ ಸತ್ತರು. 2022ರ ಏಪ್ರಿಲ್‌ನಲ್ಲಿ ಶಾಂಘೈ ಜನರನ್ನು ಕೋವಿಡ್ ತಡೆಗೆಂದು ವಾರಗಟ್ಟಲೆ ಮನೆಯೊಳಗೆ ಕೂಡಿಹಾಕಿದ್ದಾಗ ಜನ ಆ ಸಾಲನ್ನೇ ಅಲ್ಲಿನ ಸಾಮಾಜಿಕ ಜಾಲತಾಣ ವೀಬೋದಲ್ಲಿ ಹಾಕತೊಡಗಿದರು. ಅದಕ್ಕೂ ಕತ್ತರಿ ಬಿತ್ತು. ತನ್ನದೇ ರಾಷ್ಟ್ರಗೀತೆಯ ಸಾಲಿಗೆ ಹೆದರುವ ಸರ್ಕಾರ, ದೇಶಪ್ರೇಮ ಪೂರ್ತಿ ತನ್ನ ಕಡೆ ಇದೆ ಎಂದು ಒಳಗೊಳಗೆ ನಂಬುವುದಿಲ್ಲ ಎಂದೇ ನನ್ನ ತಿಳಿವಳಿಕೆ.

ಈಗ 'ಒಬ್ಬರೂ ಬೈಯಲಿಲ್ಲ' ಎನ್ನುವ ಮಾತಿಗೆ ಬರೋಣ. ಹಾರ್ವರ್ಡ್ ವಿಶ್ವವಿದ್ಯಾಲಯದವರು 2003ರಿಂದ 2016ರವರೆಗೆ 31 ಸಾವಿರಕ್ಕೂ ಹೆಚ್ಚು ಚೀನೀಯರನ್ನು ಮುಖತಃ ಮಾತಾಡಿಸಿದರು. ಕೇಂದ್ರ ಸರ್ಕಾರದ ಬಗ್ಗೆ ತೃಪ್ತಿ ಇದೆ ಎಂದವರು ಕೊನೆಗೆ ಶೇಕಡ 90ನ್ನೂ ದಾಟಿದರು. ಸ್ಥಳೀಯ ಅಧಿಕಾರಿಗಳ ಬಗ್ಗೆ ತೃಪ್ತಿ ಅದಕ್ಕಿಂತ ಬಹಳ ಕಡಿಮೆ. ಆದರೆ ಯಜಮಾನರು ಜಗಲಿಯಲ್ಲಿ ಕೂತಿರುವಾಗ ಸೊಸೆಯನ್ನು 'ಈ ಮನೆಯಲ್ಲಿ ಸುಖವಾಗಿದ್ದೀಯಾ' ಎಂದು ಕೇಳಿದರೆ ಬರುವ ಉತ್ತರವನ್ನು ಎಷ್ಟು ನಂಬಬಹುದು? ಇದಕ್ಕೊಂದು ಉಪಾಯ ಹೂಡಿ ಅಮೆರಿಕದ ಸಂಶೋಧಕರು ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಕೈಗೆ ಕೆಲವು ಸಾಧಾರಣ ಹೇಳಿಕೆಗಳ ಪಟ್ಟಿ ಕೊಡುತ್ತಾರೆ. ಇನ್ನೊಂದು ಗುಂಪಿಗೆ ಅದೇ ಪಟ್ಟಿ, ಜೊತೆಗೆ ಸರ್ಕಾರದ ಬಗ್ಗೆ ಒಂದು ಹೇಳಿಕೆ. ಯಾವುದನ್ನು ಒಪ್ಪುತ್ತೀರಿ ಎಂದು ಹೇಳಬೇಕಿಲ್ಲ, ಎಷ್ಟನ್ನು ಒಪ್ಪುತ್ತೀರಿ ಎಂಬ ಸಂಖ್ಯೆ ಹೇಳಿದರೆ ಸಾಕು. ಯಾರ ಮನಸ್ಸಿನಲ್ಲಿ ಏನಿದೆ ಎಂದು ಯಾರಿಗೂ ತಿಳಿಯದು, ಆದರೆ ಎರಡು ಗುಂಪಿನ ಸರಾಸರಿಯ ವ್ಯತ್ಯಾಸದಿಂದ ಒಟ್ಟು ಲೆಕ್ಕ ಸಿಗುತ್ತದೆ. ನೇರವಾಗಿ ಕೇಳಿದಾಗ ಶೇಕಡ 90ರ ಆಸುಪಾಸಿದ್ದ ಬೆಂಬಲ ಹೀಗೆ ಕೇಳಿದಾಗ 50ರಿಂದ 70ಕ್ಕೆ ಇಳಿಯಿತು.

ಈ ಎರಡೂ ತುದಿಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಅರ್ಧಕ್ಕಿಂತ ಜಾಸ್ತಿ ಜನರ ಬೆಂಬಲ ಎಂದರೆ ಸಣ್ಣದಲ್ಲ, ಎಷ್ಟೋ ಚುನಾಯಿತ ಸರ್ಕಾರಗಳಿಗೆ ಅಷ್ಟು ಸಿಗುವುದಿಲ್ಲ. ಹಾಗೇ, ಮನಸ್ಸಿನಲ್ಲಿ ಒಂದಿಟ್ಟುಕೊಂಡು ಬಾಯಲ್ಲಿ ಇನ್ನೊಂದು ಹೇಳಬೇಕಾದವರು ಕೋಟಿಗಟ್ಟಲೆ ಇದ್ದಾರೆ ಎನ್ನುವುದೂ ಸಣ್ಣದಲ್ಲ. ವಿದೇಶದ ಸಹಪಾಠಿಯ ಮುಂದೆ ಅವರು ಸುಮ್ನೆ ಇದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿಮ್ಮ ಮಗಳೂ ವೈದ್ಯರಾದ್ದರಿಂದ ವುಹಾನ್‌ನ ಕಣ್ಣಿನ ಡಾಕ್ಟರ್ ಲಿ ವೆನ್‌ಲಿಯಾಂಗ್ ಅವರ ಕಥೆ ಅವರಿಗೆ ಗೊತ್ತಿರುತ್ತದೆ. 2019ರ ಡಿಸೆಂಬರ್ 30ರಂದು ಅವರು ತಮ್ಮ ಕಾಲೇಜು ಗೆಳೆಯರ ಗುಂಪಿಗೆ, ಸಾರ್ಸ್‌ನಂಥ ಕಾಯಿಲೆ ಬಂದಿದೆ, ಹುಷಾರು ಎಂದು ತಿಳಿಸಿದರು. ಜನವರಿ 3ರಂದು ಪೊಲೀಸರು ಕರೆಸಿ ಒಂದು ಕಾಗದ ಮುಂದಿಟ್ಟರು. ಇನ್ನು ಮೇಲೆ ಇಂಥ ಕೆಲಸ ನಿಲ್ಲಿಸಲು ನಿನ್ನಿಂದ ಆಗುತ್ತದೆಯೇ? ಅವರು ಬರೆದರು: 'ಆಗುತ್ತದೆ.' ಅರ್ಥವಾಯಿತೇ? 'ಅರ್ಥವಾಯಿತು.' ಎರಡೂ ಉತ್ತರದ ಮೇಲೆ ಕೆಂಪು ಶಾಯಿಯ ಹೆಬ್ಬೆಟ್ಟು. ಅವರು ಪಕ್ಷದ ಸದಸ್ಯರೇ ಆಗಿದ್ದರು. ಆಮೇಲೆ ಅದೇ ಕಾಯಿಲೆ, ಅಂದರೆ ಕೋವಿಡ್, ತಗುಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ವರದಿಗಾರರಿಗೆ ಹೇಳಿದ್ದು ಇಷ್ಟು: ಆರೋಗ್ಯವಂತ ಸಮಾಜದಲ್ಲಿ ಒಂದೇ ಧ್ವನಿ ಇರಬಾರದು. ಫೆಬ್ರವರಿ 7ರಂದು ಅವರು ತೀರಿಕೊಂಡರು. ಆ ರಾತ್ರಿ 'ನನಗೆ ವಾಕ್ ಸ್ವಾತಂತ್ರ್ಯ ಬೇಕು' ಎಂಬ ಸಾಲು ವೀಬೋ ತುಂಬ ಹರಿದಾಡಿತು. ಬೆಳಗಾಗುವುದರೊಳಗೆ ಅಳಿಸಿಹೋಗಿತ್ತು. ಅವರ ಕೊನೆಯ ಪೋಸ್ಟಿನ ಕೆಳಗೆ ಮಾತ್ರ ಜನ ಬರೆಯುವುದನ್ನು ಬಿಡಲಿಲ್ಲ. 'ಡಾಕ್ಟ್ರೇ, ಇವತ್ತು ಮನಸ್ಸು ಸರಿ ಇಲ್ಲ' ಎನ್ನುವಂಥ ಮಾತುಗಳನ್ನು ವರ್ಷಗಳ ನಂತರವೂ ಬರೆಯುತ್ತಿದ್ದರು. ಇಂಥವರಿಗೆ ಸ್ವಾತಂತ್ರ್ಯ ಬೇಕಿಲ್ಲ ಎಂದು ನಾನು ಹೇಗೆ ಬರೆಯಲಿ?

2022ರ ನವೆಂಬರ್ 24ರಂದು ಪಶ್ಚಿಮ ಚೀನಾದ ಉರುಮ್ಚಿ ನಗರದ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದು ಹತ್ತು ಜನ ಸತ್ತಾಗ, ಲಾಕ್‌ಡೌನ್‌ನಿಂದಲೇ ಅವರು ತಪ್ಪಿಸಿಕೊಳ್ಳಲಾಗಲಿಲ್ಲ ಎಂದು ಜನ ಸಿಟ್ಟಿಗೆದ್ದರು. ಸರ್ಕಾರ ಅದನ್ನು ಅಲ್ಲಗಳೆಯಿತು. ಶಾಂಘೈ, ಬೀಜಿಂಗ್, ಕಾಲೇಜು ಅಂಗಳಗಳು, ಎಲ್ಲೆಡೆ ಯುವಕರು, ಹೇಳಲು ಬಿಡದ ಮಾತಿನ ಗುರುತಾಗಿ, ಖಾಲಿ ಎ4 ಹಾಳೆ ಹಿಡಿದು ನಿಂತರು. ಬೀಜಿಂಗ್‌ನ ಲಿಯಾಂಗ್ಮಾ ನದಿಯ ದಂಡೆಯಲ್ಲಿ ಸೇರಿದ್ದ ಗುಂಪಿಗೆ ಒಬ್ಬಾತ, ನಿಮ್ಮ ನಡುವೆ ವಿದೇಶಿ ಶಕ್ತಿಗಳಿವೆ, ಎಚ್ಚರ ಎಂದ. ಜನ ತಿರುಗಿ ಕೇಳಿದರು: ಯಾರು ಆ ವಿದೇಶಿ ಶಕ್ತಿ, ಮಾರ್ಕ್ಸ್ ಮತ್ತು ಎಂಗೆಲ್ಸೇ? ಇನ್ನೊಬ್ಬ ಹೇಳಿದ: ನಮಗೆ ವಿದೇಶದ ಇಂಟರ್ನೆಟ್ಟೇ ಸಿಗುವುದಿಲ್ಲ, ವಿದೇಶಿ ಶಕ್ತಿ ಎಲ್ಲಿಂದ ಬರಬೇಕು? ಎರಡು ವಾರದೊಳಗೆ, ಡಿಸೆಂಬರ್ 7ಕ್ಕೆ, ಸರ್ಕಾರ ನಿರ್ಬಂಧ ಸಡಿಲಿಸಿತು. ಹಾಳೆ ಹಿಡಿದವರಲ್ಲಿ ಕೆಲವರನ್ನು ಆಮೇಲೆ ಒಬ್ಬೊಬ್ಬರಾಗಿ ಹಿಡಿದುಕೊಂಡು ಹೋದರು.

ಎಲ್ಲ ದೇಶಪ್ರೇಮವೂ ಇಷ್ಟು ಉದಾರ ಅಲ್ಲ, ಅದನ್ನೂ ಹೇಳಬೇಕು. 2008ರಲ್ಲಿ ಪ್ಯಾರಿಸ್‌ನಲ್ಲಿ ಟಿಬೆಟ್ ಪರ ಪ್ರತಿಭಟನಕಾರರು ಬೀಜಿಂಗ್ ಒಲಿಂಪಿಕ್ ಜ್ಯೋತಿ ಕಿತ್ತುಕೊಳ್ಳಲು ನುಗ್ಗಿದಾಗ, ಗಾಲಿಕುರ್ಚಿಯಲ್ಲಿದ್ದ ಕತ್ತಿವರಸೆ ಆಟಗಾರ್ತಿ ಜಿನ್ ಜಿಂಗ್ ಅದನ್ನು ಎದೆಗೆ ಅವಚಿಕೊಂಡು ಕಾಪಾಡಿದರು. ಇಡೀ ದೇಶ ಕೊಂಡಾಡಿತು. ಕೆಲವೇ ದಿನಕ್ಕೆ ಅವರು, ಫ್ರೆಂಚ್ ಅಂಗಡಿ ಕಾರ್ಫೂರ್‌ಗೆ ಬಹಿಷ್ಕಾರ ಹಾಕಿದರೆ ಅಲ್ಲಿ ದುಡಿಯುವ ನಮ್ಮವರಿಗೇ ಪೆಟ್ಟು ಎಂದರು. ಅಷ್ಟಕ್ಕೇ ಇಂಟರ್ನೆಟ್ಟಿನಲ್ಲಿ ಅವರನ್ನು ದೇಶದ್ರೋಹಿ ಎಂದು ಕರೆದವರು ಎಷ್ಟೋ ಜನ. ತಮಗೆ ಸ್ವಾತಂತ್ರ್ಯ ಕೇಳುವ ಬಹುಸಂಖ್ಯಾತ ಹಾನ್ ಜನಾಂಗದ ಚೀನೀಯರಲ್ಲೂ ಟಿಬೆಟಿನ ವಿಷಯ ಬಂದರೆ ಮುಖ ತಿರುಗಿಸುವವರು ಬಹಳ. ನಮ್ಮ ಬೈಲುಕುಪ್ಪೆ, ಮುಂಡಗೋಡಿನಲ್ಲಿ ಅರವತ್ತರ ದಶಕದಿಂದ ನೆಲೆಸಿರುವ ಟಿಬೆಟನ್ನರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಇನ್ನು ನಿಮ್ಮ ಎರಡನೇ ಮಾತು, ಬಿಗಿ ಆಡಳಿತ. ಚೀನಾ ಉದ್ಧಾರವಾದದ್ದು ಬಿಗಿಯಿಂದ ಎನ್ನುತ್ತೀರಿ. ಅನ್‌ಹುಯಿ ಪ್ರಾಂತ್ಯದ ಶಿಯಾವೋಗಾಂಗ್ ಎಂಬ ಹಳ್ಳಿಯಲ್ಲಿ 1978ರಲ್ಲಿ 18 ರೈತರು ರಾತ್ರಿ ಗುಟ್ಟಾಗಿ ಸೇರಿ, ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಂಡು ಹೆಬ್ಬೆಟ್ಟು ಒತ್ತಿದರು. ಅದು ಆಗ ಅಪರಾಧ. ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು ಹದಿನೆಂಟು ತುಂಬುವ ತನಕ ಉಳಿದವರು ಸಾಕಬೇಕು ಎಂದೂ ಬರೆದುಕೊಂಡರು. ಮುಂದಿನ ಸುಗ್ಗಿಗೆ ಕಣಜ ತುಂಬಿತು. ಆಮೇಲೆ ದೇಶದ ನಾಯಕ ಡೆಂಗ್ ಶಿಯಾವೋಪಿಂಗ್ ಅದನ್ನು ಒಪ್ಪಿಕೊಂಡರು, ದೇಶಕ್ಕೆಲ್ಲ ಹರಡಿತು. ಆ ಗಾದಿಯಲ್ಲಿ ಕೂತವರ ಜಾಣತನವೂ ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಮೊದಲ ಹೆಜ್ಜೆ ಇಟ್ಟವರು ಆಜ್ಞೆ ಮೀರಿದ ಬಡ ರೈತರು.

ಬಿಗಿ ಪೂರ್ತಿಯಾಗಿದ್ದಾಗ ಏನಾಯಿತು? 1959ರಿಂದ 61ರ ಬರಗಾಲದಲ್ಲಿ ಕಡಿಮೆ ಎಂದರೂ ಒಂದೂವರೆ ಕೋಟಿ ಜನ ಸತ್ತರು. ಮೂರು ಕೋಟಿ ದಾಟಿಸುವ ಅಂದಾಜುಗಳೂ ಇವೆ. ಕೆಳಗಿನವರು ಸುಳ್ಳು ಫಸಲಿನ ಲೆಕ್ಕ ಬರೆದರು, ಆ ಲೆಕ್ಕ ನಂಬಿ ಮೇಲಿನವರು ಧಾನ್ಯ ಎತ್ತಿಕೊಂಡು ಹೋದರು. ರಕ್ಷಣಾ ಸಚಿವ ಪೆಂಗ್ ದಹುವಾಯ್ 1959ರ ಬೇಸಿಗೆಯಲ್ಲಿ ಮಾವೋಗೆ ಪತ್ರ ಬರೆದು ನಿಜ ಹೇಳಿದರು. ಅವರ ಪದವಿ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮಲ್ಲಿ ಆ ಪ್ರಮಾಣದ ಬರಗಾಲದ ಸಾವು ಆಗಲಿಲ್ಲ, ಅದಕ್ಕೆ ಪತ್ರಿಕೆ ಮತ್ತು ಚುನಾವಣೆ ಕಾರಣ ಎಂದು ಅಮರ್ತ್ಯ ಸೇನ್ ಹೇಳಿದ್ದಾರೆ. ದಿನನಿತ್ಯದ ಹಸಿವು, ಎಳೆಮಕ್ಕಳ ಸಾವು ತಡೆಯುವುದರಲ್ಲಿ ಚೀನಾ ನಮಗಿಂತ ಎಷ್ಟೋ ಮುಂದಿತ್ತು ಎಂದೂ ಅವರೇ ಹೇಳಿದ್ದಾರೆ. ಅದು ನಮಗೆ ನಾಚಿಕೆ ತರಬೇಕಾದ ಮಾತು. ಆದರೆ ಅದಕ್ಕೆ ಮದ್ದು ಶಾಲೆ, ಆಸ್ಪತ್ರೆ, ಭೂಸುಧಾರಣೆ. ಬಿಗಿ ಹೇಗಿರುತ್ತದೆ ಎಂದು ನಾವೂ ತುರ್ತುಪರಿಸ್ಥಿತಿಯ 21 ತಿಂಗಳು ನೋಡಿದ್ದೇವೆ. ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ 1977ರ ಜನವರಿಯಲ್ಲಿ ತೀರಿಕೊಂಡ ನಟಿ ಸ್ನೇಹಲತಾ ರೆಡ್ಡಿ ಅವರನ್ನು ನಿಮ್ಮ ವಯಸ್ಸಿನವರು ಮರೆತಿರಲಾರರು.

ಸ್ವಾತಂತ್ರ್ಯ ಚೀನೀಯರ ಸ್ವಭಾವಕ್ಕೇ ಒಗ್ಗದು ಎನ್ನುವವರಿಗೆ ತೈವಾನ್ ಸಾಕು. ಬಹುಮಟ್ಟಿಗೆ ಅದೇ ಭಾಷೆ, ಅದೇ ಹಬ್ಬಗಳು. 1987ರಲ್ಲಿ ಅಲ್ಲಿ ಮಿಲಿಟರಿ ಕಾನೂನು ಹೋಯಿತು, 1996ರಿಂದ ಜನರೇ ಅಧ್ಯಕ್ಷರನ್ನು ಆರಿಸುತ್ತಿದ್ದಾರೆ.

ಕೊನೆಯದು ನಿಮ್ಮ ಸಲಹೆ. ದಯವಿಟ್ಟು ಆ ಗೆಳತಿಗೆ ಪ್ರಶ್ನೆಗಳನ್ನು ಕಳಿಸಬೇಡಿ. ಅಲ್ಲಿ 'ಜಗಳ ಕೆದಕಿ ತೊಂದರೆ ಕೊಡುವುದು' ಎಂಬ ಅಪರಾಧವೊಂದಿದೆ, ಅದರೊಳಗೆ ಏನನ್ನು ಬೇಕಾದರೂ ತುರುಕಬಹುದು. ವುಹಾನ್‌ನಿಂದ ವಿಡಿಯೋ ಹಾಕಿದ ಮಾಜಿ ವಕೀಲೆ ಜಾಂಗ್ ಜಾನ್‌ಗೆ 2020ರ ಡಿಸೆಂಬರ್‌ನಲ್ಲಿ ಇದೇ ಅಪರಾಧಕ್ಕೆ ನಾಲ್ಕು ವರ್ಷ ಶಿಕ್ಷೆಯಾಯಿತು. ಆ ಹುಡುಗಿ ಸರ್ಕಾರವನ್ನು ಹೊಗಳಿ ಬರೆದರೆ ಅದು ಮನಸ್ಸಿನ ಮಾತೋ ಅಲ್ಲವೋ ನಮಗೆ ತಿಳಿಯದು. ತೆಗಳಿ ಬರೆದರೆ ಅದರ ಬೆಲೆ ತೆರುವವಳು ಅವಳು, ನಾವಲ್ಲ. ಎಂದಾದರೂ ಆ ಗೆಳತಿ ನಿಮ್ಮ ಮನೆಗೆ ಬಂದು, ತಾವಾಗಿಯೇ ಮಾತು ತೆಗೆದರೆ ನಿಮ್ಮ ಮಗಳು ಕೇಳಿಸಿಕೊಳ್ಳಲಿ. ನಮಗೆ ಬರೆದು ಕಳಿಸುವುದು ಬೇಡ. ನಿಮ್ಮ ಪತ್ರದಲ್ಲಿದ್ದ ಕಾಲೇಜಿನ ಹೆಸರು, ಊರಿನ ಹೆಸರು ಎರಡನ್ನೂ ನಾನು ಇಲ್ಲಿ ಬಿಟ್ಟಿದ್ದೇನೆ. ನಿಮ್ಮ ಮಗಳು ತಮ್ಮದೇ ಅನುಭವ ಬರೆಯುವುದಾದರೆ, ಹಾಸ್ಟೆಲ್, ಊಟ, ಅನಾಟಮಿ ಕ್ಲಾಸು, ಚೀನೀ ಹೊಸ ವರ್ಷದ ರಜೆ, ಏನೇ ಇರಲಿ, ಜಾಗ ಕಾದಿರಿಸುತ್ತೇನೆ. ಸಾವಿರ ಪದದೊಳಗೆ ಇರಲಿ, ತಿಂಗಳ 20ರೊಳಗೆ ತಲುಪಿದರೆ ಮುಂದಿನ ಸಂಚಿಕೆಗೇ ಹಾಕಬಹುದು.

ವಿಶ್ವಾಸದಿಂದ,
ಸಂಪಾದಕ