ಹಳೇ ಸೆಸ್ನಾ 152 ಸಣ್ಣ ವಿಮಾನದ ಬೋಲ್ಟ್ ಸಿಗವಲ್ತು, ಬೆಳಗಾವಿ ಉದ್ಯಮಬಾಗದ ಲೇಥ್ ವರ್ಕ್‌ಶಾಪಿನಾಗ ಮಾಡಿಸಬಹುದಾ?
ಬ್ಯಾಡೋ ತಮ್ಮಾ. ನಮ್ಮ ಬೆಳಗಾವಿ ಲೇಥ್ ಮಂದಿ ಕೈ ಭಾರಿ ಅದ, ಅಳತಿಗೆ ಕೂದಲೆಳಿ ತಪ್ಪಂಗಿಲ್ಲ, ಆದ್ರ ವಿಮಾನಕ್ಕ ಬೇಕಾಗೋದು ಬರೀ ಅಳತಿ ಅಲ್ಲ, ಯಾವ ಸ್ಟೀಲು, ಹೀಟ್ ಟ್ರೀಟ್‌ಮೆಂಟ್ ಹೆಂಗಾಗೇದ ಅನ್ನೋದಕ್ಕ ಕಾಗದಾನೂ ಬೇಕು.

152 ತಯಾರಿ 1985ಕ್ಕ ನಿಂತದ ಖರೆ, ಆದ್ರ ಅದರಾಗಿನ ಭಾಳಷ್ಟು ನಟ್ಟು ಬೋಲ್ಟು ವಿಮಾನದ ಸಾಮಾನಿಗೆ ಅಂತ ಇರೋ ಎಎನ್, ಎಂಎಸ್, ಎನ್‌ಎಎಸ್ ಸ್ಟ್ಯಾಂಡರ್ಡಿನವು, ಅವು ಈಗಲೂ ತಯಾರಾಗ್ತಾವ. ಅದಕ್ಕ "ಸೆಸ್ನಾ ಬೋಲ್ಟ್" ಅಂತ ಹುಡುಕಬ್ಯಾಡ, ಪಾರ್ಟ್ಸ್ ಕ್ಯಾಟಲಾಗ್ ತಗದು ನಂಬರ್ ಹಿಡಿ. ಎಎನ್3-5ಎ ಅಂತಿದ್ರ 3 ಅಂದ್ರ ದಪ್ಪ 3/16 ಇಂಚು, 5 ಉದ್ದದ ಕೋಡ್, ಕಡೀ ಎ ಅಂದ್ರ ಕಾಟರ್ ಪಿನ್ನಿಗೆ (ನಟ್ಟು ಸಡಿಲಾಗದಂಗ ಹಾಕೋ ಪಿನ್ನು) ತೂತಿಲ್ಲ. ಈ ಎ ಒಂದು ಮರತು ಆರ್ಡರ್ ಹಾಕಿದ್ರ ತೂತಿದ್ದ ಬೋಲ್ಟೇ ಬರ್ತದ, ನೋಡ್ಕೊ.

ಸೆಸ್ನಾದ್ದೇ ಸ್ವಂತ ನಂಬರ್ ಇರೋ ಪಾರ್ಟಿಗೆ ಮಾತ್ರ ಗುಜರಿಗೆ ಹೋದ ವಿಮಾನದ ಪಾರ್ಟ್ಸ್ ಮಾರೋರನ್ನ ಕೇಳು, ಅಮೆರಿಕಾದಾಗ ಅಂಥವರು ಭಾಳ ಅದಾರ. ರೊಕ್ಕ ಕೊಡೋಕಿಂತ ಮೊದ್ಲು 8130-3 ಫಾರ್ಮ್ (ಪಾರ್ಟು ವಿಮಾನಕ್ಕ ಹಾಕಲಿಕ್ಕೆ ಸರಿ ಅದ ಅನ್ನೋ ಅಮೆರಿಕಾದ ಸರ್ಟಿಫಿಕೇಟ್) ಅದನೋ ಇಲ್ಲೋ ಕೇಳು, ನಿಮ್ಮ ಲೈಸೆನ್ಸ್ ಇಂಜಿನಿಯರ್‌ಗೂ ತೋರ್ಸು.